ಪದ ಬೇಕು: ‘ಪ್ರಿವೆಂಟಿವ್ ಆಸ್ಪಿರಿನ್’ (ನಾಳೆ ಸಂಜೆಯೊಳಗೆ)

ಗೆಳೆಯರೇ,

ಇಲ್ಲಿ ಅಮೆರಿಕದಲ್ಲಿ ನಮ್ಮ ಕನ್ನಡ ಕೂಟದ ಆರೋಗ್ಯ ಶಿಬಿರ ಶನಿವಾರ ಇದೆ. ಹಿರಿಯರಿಗೆ ಹಂಚುವ ಒಂದು ಹಾಳೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಮುದ್ರಣಕ್ಕೆ ಕೊಡಬೇಕು. ಎರಡು ಪದ ಬೇಕಾಗಿವೆ.

ಒಂದು, ‘ಪ್ರಿವೆಂಟಿವ್ ಆಸ್ಪಿರಿನ್’. ಹೃದಯಾಘಾತ ಆಗದಿರಲಿ ಅಂತ ದಿನಾ ನುಂಗುವ ಸಣ್ಣ ಮಾತ್ರೆ. ಇಲ್ಲಿ 81 ಮಿ.ಗ್ರಾಂ, ಊರಲ್ಲಿ 75. ಇನ್ನೊಂದು, ‘ಡೆಮೊಗ್ರಾಫಿಕ್ ಡಿಫರೆನ್ಸಸ್’. ಯಾವ ವಯಸ್ಸಿನವರು, ಹೆಂಗಸರೋ ಗಂಡಸರೋ, ಯಾವ ಜನಾಂಗದವರು ಇದನ್ನು ಜಾಸ್ತಿ ತೆಗೆದುಕೊಳ್ಳುತ್ತಾರೆ ಅನ್ನುವ ಪಟ್ಟಿಯ ತಲೆಬರಹ ಅದು. ‘ಜನಸಂಖ್ಯಾಶಾಸ್ತ್ರೀಯ ವ್ಯತ್ಯಾಸಗಳು’ ಅಂತ ಬರೆದರೆ ಯಾರು ಓದುತ್ತಾರೆ?

*

ತಡೆಮದ್ದು. ಬೇರೆ ಹುಡುಕಬೇಡಿ.

‘ಮದ್ದು’ ಹಳಗನ್ನಡದ ‘ಮರ್ದು’. ತಮಿಳಿನ ಮರುಂದು, ತೆಲುಗಿನ ಮಂದು ಎಲ್ಲ ಒಂದೇ ಬೇರಿನವು. ಮಾತ್ರೆ ಸಂಸ್ಕೃತದ್ದು, ಮೂಲದಲ್ಲಿ ಅಳತೆ ಅಂತ ಅರ್ಥ. ಗುಳಿಗೆಯೂ ಅಲ್ಲಿಂದಲೇ ಬಂದದ್ದು. ಎರಡನೆಯದಕ್ಕೆ ‘ಮಂದಿಯೆಣಿಕೆಯ ಬೇರ್ಮೆ’.

*

> ಮಂದಿಯೆಣಿಕೆಯ ಬೇರ್ಮೆ

ಯಾರೂ ಆಡದ ಮಾತು. ಬೇಡ.

‘ಮದ್ದು’ ಕರಾವಳಿಯಲ್ಲಿ ಸರಿ. ನಮ್ಮ ಮೈಸೂರು ಕಡೆ ‘ಮದ್ದು ಹಾಕಿದ್ದಾರೆ’ ಅಂದರೆ ಅರ್ಥವೇ ಬೇರೆ, ಕೇಡಿಗೆಂದು ಊಟದಲ್ಲಿ ಏನೋ ಬೆರೆಸಿದ್ದಾರೆ ಅಂತ. ‘ಹೃದಯಾಘಾತ ನಿರೋಧಕ ಮಾತ್ರೆ’ ಅನ್ನಿ. ಎಲ್ಲವೂ ಸಂಸ್ಕೃತ ಪದ, ಅರಿಸಮಾಸದ (ಕನ್ನಡ–ಸಂಸ್ಕೃತ ಪದ ಬೆಸೆದರೆಂಬ) ತಕರಾರೂ ಬರುವುದಿಲ್ಲ.

*

ದಯವಿಟ್ಟು ‘ನಿರೋಧಕ’ ಹಾಕಬೇಡಿ. ಜಲನಿರೋಧಕ ಅಂದರೆ ನೀರು ಒಳಗೆ ಬರುವುದೇ ಇಲ್ಲ. ಹಾಗೆಯೇ ಈ ಮಾತ್ರೆ ನುಂಗಿದರೆ ಹೃದಯಾಘಾತ ಬರುವುದೇ ಇಲ್ಲ ಅಂತ ಓದುಗರು ನಂಬುತ್ತಾರೆ. ಆ ನಂಬಿಕೆ ಈಗಾಗಲೇ ಬೇಕಾದಷ್ಟಿದೆ. 2017ರ ಅಮೆರಿಕದ ಸಮೀಕ್ಷೆಯ ಲೆಕ್ಕದಲ್ಲಿ, ಹೃದ್ರೋಗ ಇಲ್ಲದ 40 ದಾಟಿದವರಲ್ಲಿ ಸುಮಾರು 2.9 ಕೋಟಿ ಜನ ದಿನಾ ಆಸ್ಪಿರಿನ್ ನುಂಗುತ್ತಿದ್ದರು. ಅವರಲ್ಲಿ 66 ಲಕ್ಷ ಜನ ಡಾಕ್ಟರನ್ನು ಕೇಳದೆ. ಹೃದ್ರೋಗ ಇಲ್ಲದ 70 ದಾಟಿದವರಲ್ಲಂತೂ ಹೆಚ್ಚುಕಡಿಮೆ ಅರ್ಧ ಜನ ಇದನ್ನು ನುಂಗುತ್ತಿದ್ದರು. ಹೊಟ್ಟೆಯಲ್ಲಿ, ಮಿದುಳಲ್ಲಿ ರಕ್ತಸ್ರಾವದ ಭಯ ಜಾಸ್ತಿ ಇರುವುದೂ ಆ ವಯಸ್ಸಿನವರಿಗೇ.

ಹೆಣ್ಣು–ಗಂಡಿನ ಸಾಲಿಗೂ ಒಂದು ಹಿನ್ನೆಲೆ ಇದೆ. 1989ರಲ್ಲಿ ಹೃದಯಾಘಾತ 44% ಕಡಿಮೆಯಾಯಿತು ಅಂತ ಬಂದ ಫಲಿತಾಂಶ 22,071 ವೈದ್ಯರ ಮೇಲೆ ನಡೆದ ಅಧ್ಯಯನದ್ದು. ಅಷ್ಟೂ ಜನ ಗಂಡಸರು. 2005ರಲ್ಲಿ ಸುಮಾರು 40,000 ಹೆಂಗಸರ ಅಧ್ಯಯನ ಬಂತು. ಅಲ್ಲಿ ಒಟ್ಟಾರೆ ಹೃದಯಾಘಾತ ತಗ್ಗಲಿಲ್ಲ, ಪಾರ್ಶ್ವವಾಯು 17% ತಗ್ಗಿತು. ಅದಕ್ಕೇ 2009ರ ಅಮೆರಿಕದ ಸಲಹೆ ಗಂಡಸರಿಗೆ ಒಂದು, ಹೆಂಗಸರಿಗೆ ಇನ್ನೊಂದು ಇತ್ತು. ಆಮೇಲೆ 2018ರಲ್ಲಿ 70 ದಾಟಿದವರ ದೊಡ್ಡ ಅಧ್ಯಯನ ಬಂತು. ಅದರಲ್ಲಿ ಅಮೆರಿಕದ ಕಪ್ಪು ಜನರನ್ನೂ ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಜನರನ್ನೂ 65ರಿಂದಲೇ ಸೇರಿಸಿಕೊಂಡಿದ್ದರು. ಲಾಭ ಕಾಣಲಿಲ್ಲ, ರಕ್ತಸ್ರಾವ ಜಾಸ್ತಿಯಾಯಿತು. 2022ರ ಸಲಹೆ ಹೀಗಿದೆ: 60 ದಾಟಿದವರು ಹೃದಯದ ರಕ್ಷಣೆಗೆಂದು ಇದನ್ನು ಹೊಸದಾಗಿ ಶುರು ಮಾಡಬಾರದು. 40ರಿಂದ 59ರವರಲ್ಲಿ, ಮುಂದಿನ ಹತ್ತು ವರ್ಷದ ಅಪಾಯ 10% ಅಥವಾ ಜಾಸ್ತಿ ಇದ್ದರೆ, ಡಾಕ್ಟರ ಜೊತೆ ಕೂತು ಯೋಚಿಸಬೇಕು.

ಈಗ ನಿಮ್ಮ ಹಾಳೆಗೆ ಬರೋಣ. ‘ಹೊಸದಾಗಿ ಶುರು ಮಾಡಬೇಡಿ’ ಅನ್ನುವುದು ‘ತೆಗೆದುಕೊಳ್ಳಬೇಡಿ’ ಅಂತ ಆಗಬಾರದು. ಇಡೀ ಸಲಹೆ ಹೃದ್ರೋಗ ಇಲ್ಲದ, ಇನ್ನೂ ಹೃದಯಾಘಾತ, ಪಾರ್ಶ್ವವಾಯು ಆಗದವರಿಗೆ ಮಾತ್ರ. ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಪುಟ್ಟ ಕೊಳವೆ) ಹಾಕಿಸಿಕೊಂಡ ಅಜ್ಜ ‘60 ದಾಟಿದವರಿಗೆ ಬೇಡ’ ಅಂತ ಓದಿ ನಾಳೆಯಿಂದ ಮಾತ್ರೆ ಬಿಟ್ಟರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಒಂದೇ ಪದಕ್ಕೆ ಹಟ ಬೇಡ. ‘ಹೃದಯಾಘಾತ ಇನ್ನೂ ಆಗದವರು ಮುನ್ನೆಚ್ಚರಿಕೆಗೆ ತೆಗೆದುಕೊಳ್ಳುವ ಆಸ್ಪಿರಿನ್’ ಅಂತ ಉದ್ದಕ್ಕೇ ಬರೆಯಿರಿ. ‘ರಕ್ತ ತೆಳುವಾಗಿಸುವ ಮಾತ್ರೆ’ ಅಂತಲೂ ಬೇಡ. ಅದು ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಕಣಗಳು) ಒಂದಕ್ಕೊಂದು ಅಂಟದಂತೆ ಮಾಡುತ್ತದೆ, ಅಷ್ಟೇ. ರಕ್ತ ನೀರಾಗುವುದಿಲ್ಲ.

*

ಡಾಕ್ಟರ್, ಸ್ಟೆಂಟ್, ಪ್ಲೇಟ್‌ಲೆಟ್ ಎಲ್ಲವನ್ನೂ ಹಾಗೇ ಬಿಟ್ಟರೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಇಡೀ ಸಾಲು ಬರೆಯುವುದು ಅನುವಾದವಲ್ಲ, ವಿವರಣೆ. ಇವತ್ತು ಪದ ಕಟ್ಟದಿದ್ದರೆ ನಾಳೆ ಕನ್ನಡದಲ್ಲಿ ವೈದ್ಯಕೀಯ ಓದುವ ಮಾತೇ ಇಲ್ಲ. ತಡೆಮದ್ದು ಅಂತಲೇ ಹಾಕಿ. ಬಳಸಿದರೆ ಬಳಕೆಗೆ ಬರುತ್ತದೆ.

*

ಧಾರವಾಡದಾಗ ನಾವು ದವಾಖಾನೆ ಅಂತೀವಿ. ಅರಬಿಯ ದವಾ, ಪಾರಸಿಯ ಖಾನೆ. ಯಾರ ಕನ್ನಡವೂ ಅದರಿಂದ ಕೆಟ್ಟಿಲ್ಲ. ಪಾಠಪುಸ್ತಕದಲ್ಲಿ ಪದ ಕಟ್ಟಿರಿ, ನಾನೂ ಕೈಜೋಡಿಸುತ್ತೇನೆ. ಹಿರಿಯರ ಕೈಗೆ ಕೊಡುವ ಔಷಧದ ಹಾಳೆಯಲ್ಲಿ ಪ್ರಯೋಗ ಬೇಡ. ಮಾತ್ರೆ ಅಂತ ಬರೆದಲ್ಲಿ ಗುಳಿಗೆ ಅಂತಲೂ ಸೇರಿಸಿ. ನಮ್ಮ ಕಡೆಯ ಹಿರಿಯರು ಹಾಗೇ ಅನ್ನೋದು.

*

ಎಲ್ಲರಿಗೂ ವಂದನೆಗಳು. ‘ತಡೆಮದ್ದು’ ಚೆನ್ನಾಗಿದೆ, ಆದರೆ ಈ ಹಾಳೆಗೆ ಬಳಸುತ್ತಿಲ್ಲ. ಹೀಗೆ ಬರೆದಿದ್ದೇನೆ:

‘ನಿಮಗೆ ಹೃದಯಾಘಾತ, ಪಾರ್ಶ್ವವಾಯು ಆಗಿದ್ದರೆ ಅಥವಾ ಸ್ಟೆಂಟ್ ಹಾಕಿದ್ದರೆ ಈ ಹಾಳೆ ನಿಮಗಲ್ಲ. ಡಾಕ್ಟರನ್ನು ಕೇಳದೆ ಆಸ್ಪಿರಿನ್ ಮಾತ್ರೆ (ಗುಳಿಗೆ) ನಿಲ್ಲಿಸಬೇಡಿ. ಇವು ಯಾವುದೂ ಆಗದೆ, ಮುನ್ನೆಚ್ಚರಿಕೆಗೆಂದು ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಮುಂದೆ ಓದಿ.’

ಪಟ್ಟಿಯ ತಲೆಬರಹ: ‘ಯಾರು ಹೆಚ್ಚು ತೆಗೆದುಕೊಳ್ಳುತ್ತಾರೆ? ವಯಸ್ಸು, ಹೆಣ್ಣು–ಗಂಡು, ಜನಾಂಗದ ಪ್ರಕಾರ.’

ತಪ್ಪು ಕಂಡರೆ ನಾಳೆ ಮಧ್ಯಾಹ್ನದೊಳಗೆ ತಿಳಿಸಿ.