ಟವರ್ ಇಲ್ಲದ ಮಲೆನಾಡ ದಾರಿಗೆ ಯಾವ ಮ್ಯಾಪ್ ಆ್ಯಪ್?

ಪ್ರಶ್ನೆ: ಸರ್, ಮುಂದಿನ ತಿಂಗಳು ಮೂರು ಗಾಡಿಗಳಲ್ಲಿ ಸಕಲೇಶಪುರದಿಂದ ಬಿಸಿಲೆ ಕಡೆಗೆ ಹೊರಟಿದ್ದೇವೆ. ಎಲ್ಲವೂ ಫೋರ್ ಬೈ ಫೋರ್. ಡಾಂಬರು ಬಿಟ್ಟು ಜೀಪ್ ದಾರಿಗಳಲ್ಲಿ ಓಡಿಸುವ ಆಸೆ. ಹೋದ ಸಲ ಹೆತ್ತೂರು ದಾಟಿದ ಮೇಲೆ ಟವರ್ ಹೋಯಿತು, ಫೋನಿನಲ್ಲಿ ಬರೀ ಬೂದು ಚೌಕಗಳು. ನೀವು ವರ್ಷಗಳಿಂದ ಗಾಡಿಗಳನ್ನು ಕರೆದುಕೊಂಡು ಹೋಗುತ್ತಿದ್ದೀರಿ. ಯಾವ ಆ್ಯಪ್ ಹಾಕಿಕೊಳ್ಳಲಿ? ದುಡ್ಡು ಕೊಟ್ಟರೆ ಒಳ್ಳೆಯದು ಸಿಗುತ್ತದಾ?

ಉತ್ತರ: ಸದ್ಯಕ್ಕೆ ದುಡ್ಡು ಬೇಡ. ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ, ಜೊತೆಗೆ ಓಸ್‌ಮ್ಯಾಂಡ್. ಎರಡರಲ್ಲೂ ಇರುವುದು ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯೇ, ಅಂದರೆ ಜನರೇ ಸೇರಿ ಬರೆದದ್ದು. ಮೊದಲನೆಯದು ಹಗುರ, ಬೇಗ ತೆರೆದುಕೊಳ್ಳುತ್ತದೆ, ಪಕ್ಕದಲ್ಲಿ ಕೂತವರಿಗೂ ಸುಲಭ. ಓಸ್‌ಮ್ಯಾಂಡ್ ಕಲಿಯುವುದಕ್ಕೆ ಎರಡು ಸಂಜೆ ಬೇಕು, ಮೆನು ತಲೆ ತಿನ್ನುತ್ತದೆ. ಆದರೆ ನಾನು ಸ್ಟೇರಿಂಗ್ ಪಕ್ಕ ಇಡುವುದು ಅದನ್ನೇ. ಮಣ್ಣುರಸ್ತೆ ಬೇಕೋ ಬೇಡವೋ ಎಂದು ಹೇಳಬಹುದು, ಬಂದ ದಾರಿಯನ್ನು ರೆಕಾರ್ಡ್ ಮಾಡಿ ಜಿಪಿಎಕ್ಸ್ ಫೈಲಾಗಿ ಇಟ್ಟುಕೊಳ್ಳಬಹುದು. ಈ ರೆಕಾರ್ಡಿಂಗ್ ಮರೆಯಬೇಡಿ. ದಾರಿ ತಪ್ಪಿದಾಗ ಮುಂದಿನ ರಸ್ತೆ ಹುಡುಕುವುದಕ್ಕಿಂತ ಬಂದ ಗೆರೆಯ ಮೇಲೇ ವಾಪಸ್ ಬರುವುದು ಜಾಣತನ.

ಗೂಗಲ್ ಮ್ಯಾಪ್ಸ್‌ನಲ್ಲೂ ಒಂದು ಚೌಕ ಡೌನ್‌ಲೋಡ್ ಮಾಡಿಕೊಳ್ಳಬಹುದು. ಸಕಲೇಶಪುರ ತಲುಪುವವರೆಗೆ ಅದು ಸಾಕು. ತೋಟದ ಒಳಗಿನ ದಾರಿಗೆ ನಾನು ಅದನ್ನು ನಂಬುವುದಿಲ್ಲ.

ಪ್ರಶ್ನೆ: ಟವರ್ ಇಲ್ಲದಿದ್ದರೆ ಲೊಕೇಶನ್ ಹೇಗೆ ಸಿಗುತ್ತದೆ ಸರ್?

ಉತ್ತರ: ಜಿಪಿಎಸ್‌ಗೆ ಇಂಟರ್ನೆಟ್ ಬೇಡ. ಫೋನ್ ಉಪಗ್ರಹದ ಸಿಗ್ನಲ್ ಕೇಳಿಸಿಕೊಳ್ಳುತ್ತದೆ, ಅಷ್ಟೇ. ಆದರೆ ಉಪಗ್ರಹ ಆಕಾಶದಲ್ಲಿ ಎಲ್ಲಿದೆ ಎಂಬ ವಿವರವೂ ಬೇಕು. ನೆಟ್ ಇದ್ದರೆ ಅದು ತಟ್ಟನೆ ಬರುತ್ತದೆ. ಇಲ್ಲದಿದ್ದರೆ ಉಪಗ್ರಹದಿಂದಲೇ ಇಳಿಯಬೇಕು, ಸೆಕೆಂಡಿಗೆ ಬರೀ 50 ಬಿಟ್‌ನಂತೆ! ಮರಗಳ ಕೆಳಗೆ ಸಿಗ್ನಲ್ ಕಡಿದು ಕಡಿದು ಬಂದರೆ ನಿಮಿಷಗಟ್ಟಲೆ ಕಾಯಬೇಕು. ಹಾಗಾಗಿ ಟವರ್ ಇರುವಾಗಲೇ ಲೊಕೇಶನ್ ಹಿಡಿಸಿ, ಆಮೇಲೆ ಫೋನ್ ಆರಿಸಬೇಡಿ. ಹೊರಡುವ ಹಿಂದಿನ ದಿನ ಏರೋಪ್ಲೇನ್ ಮೋಡ್ ಹಾಕಿ ನಿಮ್ಮ ಬೀದಿಯಲ್ಲೇ ಒಂದು ಸುತ್ತು ಓಡಿಸಿ. ಮ್ಯಾಪ್ ನಿಜವಾಗಿ ಇಳಿದಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಇನ್ನೊಬ್ಬರ ಪ್ರಶ್ನೆ: ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ದಾರಿ ಇದ್ದರೆ ಗಾಡಿ ಹೋಗುತ್ತದೆ ಅಂತ ತಾನೇ?

ಉತ್ತರ: ಅಲ್ಲಿಯೇ ಎಲ್ಲರೂ ಮುಗ್ಗರಿಸುವುದು. ಎಷ್ಟೋ ಗೆರೆಗಳನ್ನು ಯಾರೋ ಉಪಗ್ರಹ ಚಿತ್ರ ನೋಡಿಕೊಂಡು ಎಳೆದಿರುತ್ತಾರೆ. ಮೇಲಿನಿಂದ ನೋಡಿದರೆ ಗೇಟು ಕಾಣುವುದಿಲ್ಲ, ಬೀಗ ಕಾಣುವುದಿಲ್ಲ. ನಾನೇ ಒಮ್ಮೆ ಆ್ಯಪ್ ಹೇಳಿದಂತೆ ಹೋಗಿ ಸಂಜೆ ಐದಕ್ಕೆ ಒಂದು ತೋಟದ ಬೀಗ ಹಾಕಿದ ಗೇಟಿನ ಮುಂದೆ ನಿಂತಿದ್ದೆ. ತಿರುಗಿಸಲು ಜಾಗವಿಲ್ಲ. ನಾಲ್ಕು ಗಾಡಿ ರಿವರ್ಸ್, ಆನೆ ಓಡಾಡುವ ಹೊತ್ತು ಬೇರೆ. ಈಗ ಮೊದಲೇ ತೋಟದ ರೈಟರ್, ಅಂದರೆ ಲೆಕ್ಕ-ಕೆಲಸ ನೋಡಿಕೊಳ್ಳುವವರ ಹತ್ತಿರ ಕೇಳಿ ಒಪ್ಪಿಗೆ ತೆಗೆದುಕೊಳ್ಳುತ್ತೇನೆ. ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪ್‌ಗೂ ಗೊತ್ತಿಲ್ಲ. ಮಳೆಗೆ ಮೋರಿ ಕೊಚ್ಚಿ ಹೋಗಿದ್ದರೆ ಆ ಸುದ್ದಿಯೂ ಅವರಲ್ಲೇ ಸಿಗುವುದು.

ಮೀಸಲು ಅರಣ್ಯದ ಒಳಗೆ ಕಾಣುವ ಗೆರೆಗಳ ತಂಟೆಗೆ ಹೋಗಲೇಬೇಡಿ. ಅವು ಇಲಾಖೆಯ ಜೀಪಿಗೆ. ಅನುಮತಿ ಇಲ್ಲದೆ ನುಗ್ಗಿದರೆ ಕೇಸು.

ಪ್ರಶ್ನೆ: ಏರು ಎಷ್ಟು ಕಡಿದಾಗಿದೆ ಅಂತ ಮೊದಲೇ ತಿಳಿಯಬಹುದಾ?

ಉತ್ತರ: ಆ್ಯಪ್‌ನಲ್ಲಿ ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಆನ್ ಮಾಡಿ. ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್‌ನಲ್ಲಿ, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯಲ್ಲಿ, ಸಾಮಾನ್ಯವಾಗಿ ಎರಡು ಗೆರೆಗಳ ನಡುವೆ 20 ಮೀಟರ್ ಎತ್ತರ. ಆ್ಯಪ್‌ನಲ್ಲಿ ಗೆರೆಯ ಮೇಲೇ ಅಂಕಿ ಇರುತ್ತದೆ, ನೋಡಿಕೊಳ್ಳಿ. ಒಂದು ಕಿಲೋಮೀಟರ್ ದಾರಿ ಅಂಥ ಹತ್ತು ಗೆರೆ ದಾಟಿದರೆ 200 ಮೀಟರ್ ಏರು, ಅಂದರೆ ಐದಕ್ಕೆ ಒಂದು. ಒಣ ನೆಲದಲ್ಲಿ ಪರವಾಗಿಲ್ಲ. ಜುಲೈನ ಕೆಂಪು ಕೆಸರಿನಲ್ಲಿ ಒಳ್ಳೆಯ ಟೈರೂ ಜಾರುತ್ತದೆ. ಗೆರೆಗಳು ಒತ್ತೊತ್ತಾಗಿರುವ ಕಡೆ ನಾನು ಇಳಿದು, ಮೊದಲು ನಡೆದು ನೋಡಿ ಬರುತ್ತೇನೆ.

ಇನ್ನೊಬ್ಬರ ಪ್ರಶ್ನೆ: ಸಿಕ್ಕಿಹಾಕಿಕೊಂಡರೆ? ಸ್ಯಾಟಲೈಟ್ ಫೋನ್ ತರಿಸೋಣ ಅಂತ ಗೆಳೆಯರು ಹೇಳುತ್ತಿದ್ದಾರೆ.

ಉತ್ತರ: ದಯವಿಟ್ಟು ಬೇಡ. ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಹೊರಡುವ ಮೊದಲು ಹೋಗಬೇಕೆಂದಿರುವ ದಾರಿಯ ಜಿಪಿಎಕ್ಸ್ ಫೈಲನ್ನೂ ವಾಪಸ್ ಬರುವ ಸಮಯವನ್ನೂ ಮನೆಯಲ್ಲಿ ಒಬ್ಬರಿಗೆ ಕಳಿಸಿ. ಟವರ್ ಸಿಕ್ಕರೆ 112ಕ್ಕೆ ಫೋನ್ ಮಾಡಿ ಅಕ್ಷಾಂಶ, ರೇಖಾಂಶ ಓದಿ ಹೇಳಿ. ಓದುವಾಗ ಹುಷಾರು. 12.50 ಡಿಗ್ರಿ ಎಂದರೆ 12 ಡಿಗ್ರಿ 50 ನಿಮಿಷ ಅಲ್ಲ, 12 ಡಿಗ್ರಿ 30 ನಿಮಿಷ. ತಪ್ಪಾಗಿ ಹೇಳಿದರೆ ನಿಮ್ಮನ್ನು ಹುಡುಕುವವರು 37 ಕಿಲೋಮೀಟರ್ ಆಚೆ ಹೋಗಿರುತ್ತಾರೆ. "ಹನ್ನೆರಡು ಪಾಯಿಂಟ್ ಐದು ಸೊನ್ನೆ ಡಿಗ್ರಿ" ಎಂದು ಬಿಡಿಸಿ ಹೇಳಿ, ಅವರಿಂದ ತಿರುಗಿ ಓದಿಸಿಕೊಳ್ಳಿ.

ಪ್ರಶ್ನೆ: ಮೂರು ಗಾಡಿಗೂ ಇದೇ ಆ್ಯಪ್ ಹಾಕಿಸುತ್ತೇನೆ ಸರ್.

ಉತ್ತರ: ಹಾಕಿಸಿ, ಜಿಪಿಎಕ್ಸ್ ಫೈಲೂ ಮೂರರಲ್ಲೂ ಇರಲಿ. ಫೋನನ್ನು ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಬೇಡಿ, ಕಾದು ಆಫ್ ಆಗುತ್ತದೆ. ಎಸಿ ಗಾಳಿ ಬೀಸುವ ಕಡೆ ಸಿಕ್ಕಿಸಿ.