ಮರು: ‘ಮಟನ್’ಗೆ ಕನ್ನಡದಲ್ಲಿ ಏನು ಬರೆಯಲಿ?

ಮಾಂಸದ ಪೊಟ್ಟಣದ ಮೇಲಿನ ಬರಹದ ಅನುವಾದ ನಾಳೆಯೇ ಕಳಿಸಬೇಕು ಅಂದಿದ್ದೀರಿ, ಹಾಗಾಗಿ ಉತ್ತರ ಮೊದಲು. ಮಟನ್ ಇರುವ ಕಡೆ ‘ಕುರಿ ಮಾಂಸ’, ಲ್ಯಾಂಬ್ ಇರುವ ಕಡೆ ‘ಕುರಿಮರಿ ಮಾಂಸ’. ಸುಮ್ನೆ ‘ಮಟನ್’ ಅಂತ ಬಿಡಬೇಡಿ. ಇಂಗ್ಲೆಂಡಿನಲ್ಲಿ ಅದಕ್ಕೆ ಬೆಳೆದ ಕುರಿಯ ಮಾಂಸ ಎಂದೇ ಅರ್ಥ. ನಮ್ಮಲ್ಲಿ ಅದು ಆಡಿನದೂ ಆಗುತ್ತದೆ. ಬಾಲ ಮೇಲೆತ್ತಿಕೊಂಡಿದ್ದರೆ ಆಡು, ಜೋತುಬಿದ್ದಿದ್ದರೆ ಕುರಿ. ದೂರದಿಂದಲೇ ಗೊತ್ತಾಗುವ ಈ ವ್ಯತ್ಯಾಸ ‘ಮಟನ್’ ಅಂದ ಕೂಡಲೇ ಅಳಿಸಿಹೋಗುತ್ತದೆ.

ಈ ಚರ್ಚೆಯಲ್ಲಿ ಮೇಲೆ ಒಬ್ಬರು ಮಟನ್ ಸಂಸ್ಕೃತದ ‘ಮಾಂಸ’ದಿಂದ ಹುಟ್ಟಿದ್ದು ಅಂತ ಬರೆದಿದ್ದಾರೆ. ಇಲ್ಲ ಸ್ವಾಮಿ. ಮೊದಲಕ್ಷರ ಹೊಂದಿದ ಮಾತ್ರಕ್ಕೆ ನಂಟಸ್ತಿಕೆ ಆಗುವುದಿಲ್ಲ. ಇಂಗ್ಲಿಷಿಗೆ ಅದು ಬಂದಿದ್ದು ಹಳೆಯ ಫ್ರೆಂಚಿನಿಂದ, ಅಲ್ಲಿಗೆ ನಡುಗಾಲದ ಲ್ಯಾಟಿನ್ನಿನ ‘ಮುಲ್ತೊ’ದಿಂದ, ಅದರ ಬೇರು ಹಿಂದೆ ಫ್ರಾನ್ಸಿನ ಕಡೆ ಇದ್ದ ಗಾಲ್ ಜನರ ಮಾತಿನಲ್ಲಿದೆ ಅನ್ನುತ್ತಾರೆ. ಆ ಮಾತಿಗೆ ನಂಟಿರುವ ಹಳೆಯ ಐರಿಶ್‌ನಲ್ಲಿ ‘ಮೊಲ್ಟ್’ ಅಂದರೆ ಬೀಜ ಒಡೆದ ಟಗರು. ಗಮನಿಸಿ, ಮಾಂಸ ಅಲ್ಲ, ಪ್ರಾಣಿ! ಫ್ರೆಂಚಿನ ‘ಮುತೊಂ’ ಇವತ್ತಿಗೂ ಮೇಯುವ ಕುರಿಯೂ ಹೌದು, ಬೇಯುವ ಕುರಿಯೂ ಹೌದು. 1066ರಲ್ಲಿ ಫ್ರೆಂಚ್ ಆಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು, ಆಮೇಲೆ ದೊಡ್ಡಿಯಲ್ಲಿ ಶೀಪ್, ತಟ್ಟೆಯಲ್ಲಿ ಮಟನ್ ಆಯಿತು ಅನ್ನುವ ಕತೆಯನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ಅಷ್ಟು ನೇರ ಇಲ್ಲ. ಇಂಗ್ಲಿಷಿನವರೂ ಮೊದಮೊದಲು ಜೀವಂತ ಕುರಿಯನ್ನೇ ಮಟನ್ ಅಂದದ್ದುಂಟು.

ಇನ್ನು ‘ಮಟನ್ ಬೇಡ, ಅಚ್ಚಗನ್ನಡದ ಮಾಂಸ ಸಾಕು’ ಅಂದವರಿಗೆ ಒಂದು ಮಾತು. ಮಾಂಸವೂ ಸಂಸ್ಕೃತದಿಂದ ತಂದದ್ದೇ ಅಲ್ವಾ? ಒಂದು ಸಾಲ ಹಳೆಯದಾಯಿತು ಅಂತ ಅದು ಸ್ವಂತ ಆಸ್ತಿ, ಇನ್ನೊಂದು ಹೊಸದು ಅಂತ ಅದು ಮೈಲಿಗೆ, ಇದು ಯಾವ ನ್ಯಾಯ? ಮಾಂಸಕ್ಕೆ ನಮ್ಮದೇ ಮಾತು ಬೇಕು ಅಂದರೆ ‘ಬಾಡು’ ಇದೆ. ಹಳಗನ್ನಡದ ‘ಅಡಗು’ ಇದೆ. ಅಡಗು ಈಗ ಬಚ್ಚಿಟ್ಟುಕೋ ಅಂತ ಕೇಳಿಸುತ್ತದೆ, ಅದನ್ನು ಬಿಡೋಣ. ಆದರೆ ಬಾಡನ್ನು ಒರಟು ಮಾತು ಅಂತ ಬರಹದಿಂದ ಆಚೆ ಇಡುವುದನ್ನು ನಾನು ಒಪ್ಪುವುದಿಲ್ಲ. ಜನ ದಿನಾ ಆಡುವ ಮಾತು ಅದು. ‘ಬಾಡಿದ ಹೂವು ನೆನಪಾಗುತ್ತದೆ’ ಎಂಬ ಆಕ್ಷೇಪವೂ ನಿಲ್ಲುವುದಿಲ್ಲ. ಆಟ ಆಡುವುದಕ್ಕೂ ಎಲೆ ತಿನ್ನುವ ಆಡಿಗೂ ಒಂದೇ ರೂಪ ಇದೆ, ಯಾರಾದರೂ ತಬ್ಬಿಬ್ಬಾಗಿದ್ದಾರಾ? ಕತೆಯ ಅನುವಾದವಾಗಿದ್ದರೆ ‘ಕುರಿ ಬಾಡು’ ಅಂತಲೇ ಹಾಕಿ ಅನ್ನುತ್ತಿದ್ದೆ. ಪೊಟ್ಟಣವನ್ನು ಬಾಡು ಗೊತ್ತಿಲ್ಲದ ಕಡೆಯವರೂ ಓದುತ್ತಾರೆ, ಅದಕ್ಕೇ ‘ಮಾಂಸ’ ಅಂದೆ.

ಕೆಲಸ ಕೊಟ್ಟವರನ್ನು ಇವತ್ತೇ ಒಂದು ಮಾತು ಕೇಳಿಬಿಡಿ, ಒಳಗಿರುವುದು ಕುರಿಯದಾ ಆಡಿನದಾ ಅಂತ. ಆಡಿನದಾದರೆ ‘ಆಡಿನ ಮಾಂಸ’ ಅಂತ ಬರೆಯಿರಿ. ತಮಿಳು ಪ್ರತಿ ನೋಡಿ ಹೊಂದಿಸಲು ಹೋಗಬೇಡಿ, ಅಲ್ಲಿ ‘ಆಡು’ ಎರಡಕ್ಕೂ ನಡೆಯುತ್ತದೆ.