ಮನೆ ಗುಡಿಸುವ ರೋಬೋಟ್ ಕಂಡರೆ ಅತ್ತೆಗೆ ಭಯ, ಮಗನಿಗೆ ಮುದ್ದು: ಏನು ಮಾಡೋದು?

ಜಯನಗರ_ಮಹಡಿಮನೆ:

ನಮಸ್ಕಾರ. ಗುಡಿಸಿ ಒರೆಸುವ ರೋಬೋಟ್ ಒಂದನ್ನು ಮನೆಗೆ ತಂದಿದ್ದೇವೆ. ತಲೆ ಮೇಲೆ ತಿರುಗುತ್ತಾ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಇದೆ, ಚಾರ್ಜ್ ಮಾಡಿ ಒಳಗಿನ ಧೂಳನ್ನು ತಾನೇ ಎಳೆದುಕೊಳ್ಳುವ ಡಾಕ್ ಇದೆ. ಮನೆ ಮೊದಲ ಮಹಡಿ, ಎರಡು ರೂಮು, ಒಂದು ಹಾಲ್. ನೆಲ ಬಿಳಿ ವಿಟ್ರಿಫೈಡ್ ಟೈಲ್ಸ್, ದೇವರ ಮನೆ ಮುಂದೆ ಮಾತ್ರ ಎರಡಡಿ ಕಪ್ಪು ಗ್ರಾನೈಟ್. ಮುಂಬಾಗಿಲು ತೆಗೆದರೆ ನೇರ ಮೆಟ್ಟಿಲು.

ಅತ್ತೆಗೆ 78 ವರ್ಷ, ವಾಕರ್ ಹಿಡಿದು ಓಡಾಡುತ್ತಾರೆ. ರೋಬೋಟ್ ಹೊರಟರೆ ಸಾಕು, ಕಾಲು ಮೇಲಕ್ಕೆತ್ತಿಕೊಂಡು ಕೂರುತ್ತಾರೆ. "ನನ್ನನ್ನೇ ಹುಡುಕ್ಕೊಂಡು ಬರತ್ತೆ ಕಣೇ" ಅಂತಾರೆ. ಆರು ವರ್ಷದ ಮಗನದ್ದು ಇದಕ್ಕೆ ಉಲ್ಟಾ. ಅದಕ್ಕೆ ಗುಂಡ ಅಂತ ಹೆಸರಿಟ್ಟು, ಸೋಫಾ ಕೆಳಗೆ ಸಿಕ್ಕಿಹಾಕಿಕೊಂಡರೆ ಅಳುಮುಖ ಮಾಡುತ್ತಾನೆ. ಮನೆಕೆಲಸಕ್ಕೆ ಬರುವವರು "ಇನ್ಮೇಲೆ ನಾನು ಬರೋದು ಬೇಡ್ವಾ ಅಕ್ಕಾ?" ಅಂತ ಕೇಳಿದರು. ಯಂತ್ರ ವಾಪಸ್ ಕೊಡಲು ಇನ್ನೂ ಅವಕಾಶವಿದೆ. ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತಾ? ಕಪ್ಪು ಗ್ರಾನೈಟ್ ಹತ್ತಿರ ನಿಂತು ಎರರ್ ಹೇಳುವುದು ಯಾಕೆ?

ರಿಪೇರಿ_ಬೆಂಚು:

ಮೇಡಂ, ಅತ್ತೆಯವರ ಮಾತಲ್ಲಿ ಹುರುಳಿದೆ. ಅದರಿಂದಲೇ ಶುರು ಮಾಡೋಣ.

ಲೈಡಾರ್ ನೆಲದಿಂದ ಸುಮಾರು 9 ಸೆಂ.ಮೀ. ಎತ್ತರದಲ್ಲಿ, ಒಂದೇ ಮಟ್ಟದಲ್ಲಿ ಸುತ್ತಲೂ ನೋಡುತ್ತೆ. ಆ ಎತ್ತರದಲ್ಲಿ ಅದಕ್ಕೆ ಮನುಷ್ಯರು ಕಾಣಲ್ಲ. ಕುರ್ಚಿಯ ನಾಲ್ಕು ಕಾಲು, ವಾಕರಿನ ನಾಲ್ಕು, ಅತ್ತೆಯವರದು ಎರಡು, ಒಟ್ಟು ಹತ್ತು ಕಂಬ ಕಾಣುತ್ತೆ. ಧೂಳು ಸೇರೋದು ಕಂಬದ ಬುಡದಲ್ಲಿ, ಹಾಗಾಗಿ ಅಂಚು ಹಿಡಿದು ಒಂದೊಂದನ್ನೂ ಸುತ್ತು ಹಾಕೋ ಹಾಗೆ ಅದನ್ನ ಮಾಡಿರ್ತಾರೆ. ಅವರು ಎದ್ದು ಬೇರೆ ಕಡೆ ಕೂತರು ಅನ್ನಿ, ಹಳೇ ಜಾಗ ಬಾಕಿ ಉಳಿದ ನೆಲ ಅಂತ ಲೆಕ್ಕಕ್ಕೆ ಬಂದು ಮತ್ತೆ ವಾಪಸ್ ಬರುತ್ತೆ. ಕೂತವರಿಗೆ ಹುಡುಕಿಕೊಂಡು ಬಂದ ಹಾಗೇ ಕಾಣಬೇಕಲ್ಲ! "ಸೆನ್ಸರ್ ಇದೆ, ಮುಟ್ಟಲ್ಲ" ಅಂತ ಸಮಾಧಾನ ಹೇಳೋಕೆ ಹೋಗಬೇಡಿ. ಮುಂದುಗಡೆ ಬಂಪರ್ ಇರೋದೇ ತಾಕಿ ತಿಳಿದುಕೊಳ್ಳೋಕೆ. ತೆಳ್ಳನೆ ಕಾಲಿಗೆ ಮೆಲ್ಲಗೆ ತಾಕಿಯೇ ಹಿಂದೆ ಸರಿಯೋದು.

ಆ್ಯಪಿನಲ್ಲಿ ಅದು ಈಗ ಮಾಡಿಟ್ಟಿರೋ ಮನೆ ಮ್ಯಾಪ್ ಅಳಿಸಿ. ಊಟದ ಕುರ್ಚಿಗಳನ್ನ ಮೇಜಿನ ಮೇಲೆ ಏರಿಸಿ, ಒಳಬಾಗಿಲೆಲ್ಲ ತೆರೆದು, ಮುಂಬಾಗಿಲು ಮುಚ್ಚಿ, ಗುಡಿಸದೆ ಬರೀ ಮ್ಯಾಪ್ ಮಾಡೋ ಆಯ್ಕೆಯಲ್ಲಿ ಓಡಿಸಿ. ನಡುವೆ ಕೈಯಲ್ಲಿ ಎತ್ತಬಾರದು, ಎತ್ತಿದರೆ ಎಲ್ಲಿದ್ದೀನಿ ಅನ್ನೋದೇ ಅದಕ್ಕೆ ತಪ್ಪಿ ಹೋಗಿ ಗೋಡೆಗಳು ಓರೆಯಾಗಿ ಬರುತ್ತವೆ. ಆಮೇಲೆ ಮ್ಯಾಪಿನಲ್ಲಿ ರೂಮುಗಳನ್ನ ಬೇರೆ ಬೇರೆ ಮಾಡಿ, ಅತ್ತೆಯವರು ದಿನಾ ಕೂರೋ ಕುರ್ಚಿ ಸುತ್ತ ಒಂದೊಂದು ಮೀಟರ್ ಬಿಟ್ಟು ನೋ-ಗೋ ಝೋನ್, ಅಂದರೆ ಯಂತ್ರ ಕಾಲಿಡಬಾರದ ಜಾಗದ ಗೆರೆ, ಎಳೆಯಿರಿ. ಅಷ್ಟು ಜಾಗ ಪೊರಕೆಗೆ ಇರಲಿ. ಅವರು ಹಾಲ್‌ನಲ್ಲಿದ್ದಾಗ ರೂಮು, ರೂಮಲ್ಲಿ ಮಲಗಿದಾಗ ಹಾಲ್. ಇಡೀ ಮನೆಯನ್ನ ಒಂದೇ ಸಲ ಓಡಿಸೋದು ಬಿಟ್ಟುಬಿಡಿ.

ಸದ್ದಿನ ಕಡೆಯೂ ನೋಡಿ. ಟೈಲ್ಸ್ ನೆಲಕ್ಕೆ ಕ್ವಯೆಟ್ ಮೋಡ್ ಧಾರಾಳವಾಯ್ತು. ಜೋರು ಸಕ್ಷನ್ ಬೇಕಾಗೋದು ಕಾರ್ಪೆಟ್ಟಿಗೆ. ಎಷ್ಟೋ ಮನೆಯಲ್ಲಿ ಹೆದರಿಸೋದು ಓಡೋ ಯಂತ್ರ ಅಲ್ಲ, ಡಾಕು. ಧೂಳು ಎಳೆದುಕೊಳ್ಳುವಾಗ 10–15 ಸೆಕೆಂಡ್ ಏಕಾಏಕಿ ಭೋರ್ ಅನ್ನುತ್ತೆ, ಮಿಕ್ಸಿ ಶುರುವಾದ ಹಾಗೆ. ಡಾಕ್ ಹಾಲ್‌ನಲ್ಲಿದ್ದರೆ ತೆಗೆದು, ಅತ್ತೆಯವರು ಮಲಗದ ಇನ್ನೊಂದು ರೂಮಲ್ಲಿ ಇಡಿ. ಎರಡು ಪಕ್ಕ ಅರ್ಧ ಮೀಟರ್, ಎದುರಿಗೆ ಒಂದೂವರೆ ಮೀಟರ್ ಖಾಲಿ ಇರಬೇಕು, ಬಿಸಿಲು ನೇರ ಬೀಳಬಾರದು. ಖಾಲಿ ಮಾಡೋ ಸರದಿಯನ್ನೂ ಆ್ಯಪಿನಲ್ಲಿ ಕಡಿಮೆ ಮಾಡಿ.

ಗ್ರಾನೈಟ್ ವಿಷಯ. ಹೊಟ್ಟೆಯಡಿ ಅಂಚಿನಲ್ಲಿ ನಾಲ್ಕೋ ಆರೋ ಇನ್ಫ್ರಾರೆಡ್ ಸೆನ್ಸರ್ ಇರ್ತವೆ. ಬೆಳಕು ಬಿಟ್ಟು, ನೆಲದಿಂದ ವಾಪಸ್ ಬಂದರೆ ನೆಲ ಇದೆ, ಬರದಿದ್ದರೆ ಮುಂದೆ ಹಳ್ಳ ಅಂತ ತಿಳ್ಕೊಳ್ಳುತ್ತೆ. ಕಪ್ಪು ಕಲ್ಲು ಆ ಬೆಳಕನ್ನ ಹೀರಿಬಿಡುತ್ತೆ, ಹಾಗಾಗಿ ನಿಮ್ಮ ದೇವರ ಮನೆ ಮುಂದೆ ಅದಕ್ಕೆ ಪ್ರಪಾತ. ಸೆನ್ಸರ್ ಮೇಲೆ ಬಿಳಿ ಟೇಪ್ ಅಂಟಿಸಿ ಅಂತ ವಿಡಿಯೋಗಳಲ್ಲಿ ತೋರಿಸ್ತಾರೆ. ನಿಮ್ಮ ಮುಂಬಾಗಿಲಾಚೆ ಮೆಟ್ಟಿಲಿದೆ, ಖಂಡಿತ ಮಾಡಬೇಡಿ. ಆ ಎರಡಡಿಯನ್ನೂ ನೋ-ಗೋ ಮಾಡಿಬಿಡಿ. ಹೇಗಿದ್ದರೂ ಅಲ್ಲಿ ರಂಗೋಲಿ ಇರುತ್ತೆ. ರಂಗೋಲಿ ಪುಡಿ ಒಣಗಿದ್ದಾಗ ಫಿಲ್ಟರ್ ಕಟ್ಟಿಸುತ್ತೆ, ಒದ್ದೆ ಮಾಪ್ ಹೋದರೆ ಮನೆ ತುಂಬಾ ಬಿಳಿ ಗೀಟು. ನೆಲದ ಮೇಲೆ ದೀಪ ಇಡೋ ಮನೆಯಾದರೆ ಆ ಹೊತ್ತಲ್ಲಿ ಯಂತ್ರ ಓಡಲೇಬಾರದು.

ಹಿರಿಯರ_ಆರೈಕೆ:

ಮೇಲಿನವರು ಯಂತ್ರದ ಕಡೆ ಹೇಳಿದ್ದಾರೆ, ನಾನು ವಾಕರಿನ ಕಡೆ ಹೇಳುತ್ತೇನೆ. 78ರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದರೆ ಆಮೇಲಿನ ಕಷ್ಟ ಎಲ್ಲರಿಗೂ ಗೊತ್ತು. ಅವರ ಭಯವನ್ನು ಹೋಗಲಾಡಿಸುವುದಕ್ಕಿಂತ ಮೊದಲು ಅದಕ್ಕೆ ಕಾರಣವೇ ಇಲ್ಲದ ಹಾಗೆ ಮಾಡಬೇಕು.

ನಿಯಮ ಒಂದೇ: ಅವರು ನಡೆಯುವ ಕೋಣೆಯಲ್ಲಿ ಅದು ಓಡಬಾರದು. ವಾಕರ್ ಹಿಡಿದವರು ಮುಂದೆ ನೋಡುತ್ತಾರೆ, ಯಂತ್ರ ಹಿಂದಿನಿಂದ ಬರುತ್ತದೆ. ಕಿವಿ ಮಂದವಿದ್ದರೆ ಸದ್ದೂ ಕೇಳುವುದಿಲ್ಲ. ಹಿಂದಕ್ಕೆ ಒಂದು ಹೆಜ್ಜೆ ಇಟ್ಟಾಗ ಹಿಮ್ಮಡಿಗೆ 10 ಸೆಂ.ಮೀ. ಎತ್ತರದ ವಸ್ತು ತಗುಲಿದರೆ ಬೀಳಬಹುದು. ಕಾಲು ಮೇಲೆತ್ತಿ ಕೂರುವುದೂ ಒಳ್ಳೆಯದಲ್ಲ, ಗಾಬರಿಯಲ್ಲಿ ಇಳಿಸುವಾಗ ಸಮತೋಲ ತಪ್ಪುತ್ತದೆ. ಒರೆಸಿದ ಮೇಲೆ ಫ್ಯಾನ್ ಹಾಕಿ. ನೆಲ ಒಣಗಿದೆಯೆಂದು ಅಂಗೈಯಿಂದ ಮುಟ್ಟಿ ನೋಡುವ ತನಕ ಅವರು ಏಳುವುದು ಬೇಡ. ವಿಟ್ರಿಫೈಡ್ ಟೈಲ್ಸ್ ಮೇಲಿನ ತೆಳು ತೇವ ಕಣ್ಣಿಗೆ ಕಾಣುವುದಿಲ್ಲ. ನೀರಿನ ಮಟ್ಟವನ್ನು ಆ್ಯಪಿನಲ್ಲಿ ಅತಿ ಕಡಿಮೆಗೆ ಇಡಿ.

ಪರಿಚಯ ಮಾಡಿಸುವ ಕ್ರಮವೂ ಮುಖ್ಯ. ಮೊದಲು ಆಫ್ ಮಾಡಿದ ಯಂತ್ರವನ್ನು ಮೇಜಿನ ಮೇಲೆ ಮಗುಚಿಟ್ಟು ಬ್ರಷ್, ಚಕ್ರ ತೋರಿಸಿ. ಸಿಕ್ಕಿಕೊಂಡ ಕೂದಲು, ಹೂವಿನ ದಾರ ಅವರೇ ಬಿಡಿಸಲಿ. ನಡುವಿನ ಗುಂಡಿಯ ಮೇಲೆ ಕೆಂಪು ಸ್ಟಿಕ್ಕರ್ ಅಂಟಿಸಿ, ಅದು ನಿಲ್ಲಿಸುವ ಗುಂಡಿ ಎಂದು ಹೇಳಿ. ಅವರಿಗೆ ಬಗ್ಗಲು ಆಗದ ಕಾರಣ ಮೊಬೈಲಿನ ಮುಖಪುಟದಲ್ಲಿ ನಿಲ್ಲಿಸುವ ಶಾರ್ಟ್‌ಕಟ್ ಕೂಡ ಇರಲಿ. ಆಮೇಲೆ ಅವರು ಕುರ್ಚಿಯಲ್ಲಿ ಕೂತು, ಬಾಗಿಲಾಚೆಯ ಕೋಣೆಯಲ್ಲಿ ಅದು ಓಡುವುದನ್ನು ನೋಡಲಿ. ಹೊರಡಿಸುವುದೂ ನಿಲ್ಲಿಸುವುದೂ ಅವರೇ ಆಗಲಿ. ದಿನವೂ ಒಂದೇ ಹೊತ್ತು, ಉದಾಹರಣೆಗೆ ತಿಂಡಿ ಆದ ಮೇಲೆ. ನೀವು ಆಫೀಸಿನಿಂದ ಮೊಬೈಲಿನಲ್ಲಿ ಹೊರಡಿಸುವುದು ಬೇಡವೇ ಬೇಡ. ಮನೆಯಲ್ಲಿ ಒಬ್ಬರೇ ಇರುವಾಗ ಯಾರೂ ಮುಟ್ಟದ ವಸ್ತು ಎದ್ದು ಹೊರಟರೆ ಗಟ್ಟಿಗರಿಗೂ ಎದೆ ಧಸಕ್ ಎನ್ನುತ್ತದೆ.

ಅದು ಮಾತಾಡುವುದನ್ನೂ ಆಫ್ ಮಾಡಿ. ಎಲ್ಲಿಂದಲೋ ಇಂಗ್ಲಿಷಿನಲ್ಲಿ ಹೆಂಗಸಿನ ದನಿ ಕೇಳಿದರೆ ಯಾರೋ ಬಂದರು ಎಂದುಕೊಳ್ಳುತ್ತಾರೆ. ಮರೆವಿನ ಕಾಯಿಲೆ ಇರುವವರ ಮನೆಯಾದರೆ ಸಂಜೆ ಮೇಲೆ ಓಡಿಸಲೇಬಾರದು, ಆ ಹೊತ್ತಿಗೆ ಅವರ ಗೊಂದಲ ಹೆಚ್ಚುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಬೇಡ ಎಂದರೆ ಬೇಡ. ಮನೆ ಅವರದೂ ಹೌದು.

ಯಂತ್ರ_ಮನಸ್ಸು:

ಅತ್ತೆಯವರ ಭಯ, ಮಗುವಿನ ಮುದ್ದು ಎರಡಕ್ಕೂ ಬೇರು ಒಂದೇ. ತಾನಾಗಿ ಹೊರಟು, ತಾನಾಗಿ ತಿರುಗಿ, ಅಡ್ಡ ಬಂದದ್ದನ್ನು ತಪ್ಪಿಸುವ ಯಾವುದಕ್ಕೂ ನಮ್ಮ ಮನಸ್ಸು ಉದ್ದೇಶವನ್ನು ಅಂಟಿಸಿಬಿಡುತ್ತದೆ. ಹೈಡರ್ ಮತ್ತು ಸಿಮ್ಮೆಲ್ ಎಂಬ ಮನೋವಿಜ್ಞಾನಿಗಳು 1944ರಲ್ಲೇ ಇದನ್ನು ತೋರಿಸಿದರು. ಎರಡು ತ್ರಿಕೋನ, ಒಂದು ಪುಟ್ಟ ವೃತ್ತ ಅತ್ತಿತ್ತ ಸರಿಯುವ ಚಿತ್ರವನ್ನು ನೋಡಿದವರು ಅಟ್ಟಿಸಿಕೊಂಡು ಹೋಗುವವನು, ಹೆದರಿದವಳು ಎಂದೆಲ್ಲ ಕಥೆ ಕಟ್ಟಿದರು. ಕಣ್ಣು, ಮುಖ ಏನೂ ಬೇಕಾಗಲಿಲ್ಲ, ಚಲನೆಯೊಂದೇ ಸಾಕಾಯಿತು. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ರೂಂಬಾ ಎಂಬ ಗುಡಿಸುವ ರೋಬೋಟ್ ಇಟ್ಟುಕೊಂಡವರನ್ನು ಗಮನಿಸಿದಾಗ, ಹೆಸರಿಡುವುದು, ಅವನು ಅವಳು ಎನ್ನುವುದು, ಅದು ಸಿಕ್ಕಿಕೊಳ್ಳದಂತೆ ಮನೆಯನ್ನೇ ಬದಲಿಸಿಕೊಳ್ಳುವುದು ಎಲ್ಲವೂ ಕಂಡಿತ್ತು. ನಿಮ್ಮ ಗುಂಡ ಒಂಟಿಯಲ್ಲ.

ಜಪಾನಿನ ರೋಬೋಟ್ ತಜ್ಞ ಮಸಾಹಿರೊ ಮೋರಿ 1970ರಲ್ಲಿ ಹೇಳಿದ್ದು ಗೊತ್ತಿರಬಹುದು: ಯಂತ್ರ ಮನುಷ್ಯನನ್ನು ಹೋಲುತ್ತಾ ಹೋದಂತೆ ಇಷ್ಟವಾಗುತ್ತದೆ, ಬಹುತೇಕ ಹೋಲುವ ಹಂತಕ್ಕೆ ಬಂದಾಗ ಒಮ್ಮೆಗೇ ಮೈ ಜುಮ್ಮೆನ್ನಿಸುತ್ತದೆ. ತಟ್ಟೆಯಾಕಾರದ ಯಂತ್ರಕ್ಕೆ ಆ ಕಾಟವಿಲ್ಲ. ವೃದ್ಧರ ಆರೈಕೆಗೆಂದು ಜಪಾನಿನಲ್ಲಿ ಮಾಡಿದ ಪಾರೊ ಎಂಬ ರೋಬೋಟ್ ಸೀಲ್ ಎಂಬ ಕಡಲ ಪ್ರಾಣಿಯ ಮರಿಯ ರೂಪದಲ್ಲಿದೆ. ಬೆಕ್ಕು, ನಾಯಿ ಬಿಟ್ಟು ಸೀಲ್ ಯಾಕೆ? ನಿಜವಾದ ಸೀಲ್ ಮರಿಯನ್ನು ಎತ್ತಿಕೊಂಡವರು ವಿರಳ. ಬೆಕ್ಕು ಹೀಗಿರುವುದಿಲ್ಲ ಎಂದು ತಪ್ಪು ಹುಡುಕುವಂತೆ ಇಲ್ಲಿ ಹುಡುಕಲು ಬರುವುದಿಲ್ಲ.

ಮಗು ಅತ್ತರೆ ನಗಬೇಡಿ, ಗದರಲೂ ಬೇಡಿ. ದೊಡ್ಡವರೂ ಅಷ್ಟೇ. ಸೋನಿ ಕಂಪನಿ ಐಬೊ ಎಂಬ ರೋಬೋಟ್ ನಾಯಿಯ ತಯಾರಿಕೆಯನ್ನು 2006ರಲ್ಲಿ, ರಿಪೇರಿಯನ್ನು 2014ರಲ್ಲಿ ನಿಲ್ಲಿಸಿತು. ಆಮೇಲೆ ಚಿಬಾ ಪ್ರಾಂತ್ಯದ ಕೊಫುಕುಜಿ ದೇವಾಲಯದಲ್ಲಿ, ಬಿಡಿಭಾಗಕ್ಕಾಗಿ ಬಿಚ್ಚುವ ಮುನ್ನ ಆ ನಾಯಿಗಳಿಗೆ ಬೌದ್ಧ ವಿಧಿಯಂತೆ ಅಂತ್ಯಕರ್ಮ ನಡೆಸಿದರು.

ಪೊರಕೆ_ಪಕ್ಷ_ಹುಬ್ಬಳ್ಳಿ:

ಕೆಲಸದಾಕಿ ವಿಷಯ ಯಾರೂ ಎತ್ತಲಿಲ್ಲಲ್ರಿ. ರೋಬೋಟ್ ಬಂತಂದ್ರ ಆಕಿ ಬ್ಯಾಡ ಅನ್ನೋದು ತಪ್ಪ ಲೆಕ್ಕ. ಗುಂಡಗಿನ ಯಂತ್ರ ಚೌಕ ಮೂಲಿಗೆ ಹೋಗಂಗಿಲ್ಲ, ಅಲ್ಲಿ ಒಂದು ಬೆರಳಷ್ಟು ಧೂಳ ಉಳದ ಉಳೀತದ. 2 ಸೆಂ.ಮೀ. ಮ್ಯಾಲಿನ ಹೊಸ್ತಿಲ ಭಾಳಷ್ಟು ಯಂತ್ರ ದಾಟಂಗಿಲ್ಲ. ಬಾಲ್ಕನಿ ಬಾಗಿಲಿನ ಹಳಿ ಒಳಗಿನ ಮಣ್ಣ, ಬಾತ್‌ರೂಮ್, ಕಿಟಕಿ, ಫ್ಯಾನು, ಜೇಡ್ರ ಬಲಿ ಎಲ್ಲಾ ಆಕೀನ ಮಾಡಬೇಕು. ದೋಸಿ ಹಿಟ್ಟ ಚೆಲ್ಲಿದ್ದರ ಮ್ಯಾಲೆ ಇದು ಹಾದ್ರ ಚಕ್ರಕ್ಕ ಹತ್ತಿ ಮನಿ ತುಂಬ ಬಳೀತದ. ಅದನ್ನೂ ಆಕೀನ ಒರಸಬೇಕು!

ಪಗಾರ ಇಳಸಬ್ಯಾಡ್ರಿ. ದಿನಾ ಗುಡಿಸೋ ಹೊತ್ತ ಉಳದ್ರ ವಾರಕ್ಕೊಮ್ಮಿ ಮಾಡೋ ಕೆಲಸ ಆಕಿ ಕೂಡ ಕುಂತು ಮಾತಾಡಿ ಹಂಚರಿ. ಯಂತ್ರದ ಬ್ರಷ್ ತಗದು ತೊಳಿಯೋದು ಆಕಿ ತಲಿಗೆ ಕಟ್ಟೋದಾದ್ರ ಅದಕ್ಕ ಬ್ಯಾರೆ ರೊಕ್ಕ ಕೊಡ್ರಿ.

ಜಯನಗರ_ಮಹಡಿಮನೆ:

ಎಲ್ಲರಿಗೂ ಧನ್ಯವಾದ. ಡಾಕ್ ಇವತ್ತೇ ಜಾಗ ಬದಲಿಸುತ್ತೇನೆ. ಇನ್ನೆರಡು ಪ್ರಶ್ನೆ: ಮನೆಯವರು "ಅದು ಒಳಗಿನದೆಲ್ಲ ವಿಡಿಯೋ ತೆಗೀತಿದ್ರೆ?" ಅಂತಾರೆ. ಅತ್ತೆ ಮಾತ್ರ "ಇಟ್ಕೊಳ್ಳೋದೇ ಆದ್ರೆ ಆಯುಧ ಪೂಜೆಗೆ ಅದಕ್ಕೂ ಕುಂಕುಮ ಇಡಿ" ಅಂತ ಸ್ವಲ್ಪ ಮೆತ್ತಗಾಗಿದ್ದಾರೆ. ಇಡಬಹುದಾ?

ರಿಪೇರಿ_ಬೆಂಚು:

ಮೊದಲು ಮುಂದಿನ ಬಂಪರ್ ನೋಡಿ. ಅಲ್ಲಿ ಗುಂಡಗಿನ ಗಾಜಿನ ಲೆನ್ಸು, ಪಕ್ಕದಲ್ಲಿ ಪುಟ್ಟ ದೀಪ ಇದ್ದರೆ ಬಹುಶಃ ಕ್ಯಾಮೆರಾ ಮಾದರಿ. ಡಬ್ಬಿ ಮೇಲಿನ ವಿವರದಲ್ಲಿ ಖಚಿತ ಮಾಡ್ಕೊಳ್ಳಿ. ತಲೆ ಮೇಲಿನ ಲೈಡಾರ್ ಚಿತ್ರ ತೆಗೆಯಲ್ಲ, ದೂರ ಮಾತ್ರ ಅಳೆಯುತ್ತೆ. ಆದರೂ ಮನೆ ನಕ್ಷೆ ಕಂಪನಿಯ ಸರ್ವರಿಗೆ ಹೋಗಬಹುದು ಅನ್ನೋದು ನೆನಪಿರಲಿ.

ಕ್ಯಾಮೆರಾ ಇದ್ದರೆ ಮನೆಯವರ ಅನುಮಾನ ಸುಳ್ಳಲ್ಲ. ಪರೀಕ್ಷೆಗೆಂದು ಕೊಟ್ಟಿದ್ದ ರೂಂಬಾಗಳು ತೆಗೆದ ಮನೆಯೊಳಗಿನ ಖಾಸಗಿ ಚಿತ್ರಗಳು ಗುತ್ತಿಗೆ ಕೆಲಸಗಾರರ ಮೂಲಕ ಹೊರಬಿದ್ದದ್ದು 2022ರಲ್ಲಿ ಸುದ್ದಿಯಾಯ್ತು. 2024ರಲ್ಲಿ ಅಮೆರಿಕದ ಕೆಲವು ಮನೆಗಳಲ್ಲಿ ಇಕೋವ್ಯಾಕ್ಸ್ ಕಂಪನಿಯ ಗುಡಿಸೋ ಯಂತ್ರಗಳನ್ನ ಹ್ಯಾಕ್ ಮಾಡಿ, ಅದರ ಸ್ಪೀಕರಿನಿಂದಲೇ ಮನೆಯವರನ್ನ ಬೈದರು. ದೂರದಿಂದ ವಿಡಿಯೋ ನೋಡೋ ಆಯ್ಕೆಯನ್ನ ಆಫ್ ಮಾಡಿ. ಆ್ಯಪಿಗೆ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಹಾಕಿ. ರೌಟರಿನಲ್ಲಿ ಗೆಸ್ಟ್ ವೈಫೈ (ಮನೆಯ ಮೊಬೈಲು, ಕಂಪ್ಯೂಟರಿನಿಂದ ಬೇರೆ ಇರೋ ಸಂಪರ್ಕ) ಮಾಡಿ ಯಂತ್ರವನ್ನ ಅದರಲ್ಲಿ ಸೇರಿಸಿ, ಇಂಥ ಯಂತ್ರಗಳು ಬಹುತೇಕ ವೈಫೈನ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ ಹಿಡೀತವೆ. ಬಚ್ಚಲ ಬಾಗಿಲು, ಒಳಗೆ ಯಾರಾದರೂ ಇದ್ದಾಗ ಮಲಗೋ ಕೋಣೆ ಬಾಗಿಲು ಮುಚ್ಚಿರಲಿ.

ಪೂಜೆ ಧಾರಾಳವಾಗಿ ಮಾಡಿ. ಆದರೆ ಅರಿಶಿನ ಕುಂಕುಮ ಒದ್ದೆ ಮಾಡಿ, ಮೇಲಿನ ಮುಚ್ಚಳದ ಸಮತಟ್ಟು ಜಾಗಕ್ಕೆ ಮಾತ್ರ ಇಡಿ, ಆರಿದ ಮೇಲೆ ಒರೆಸಿ. ಲೈಡಾರ್ ಗೋಪುರಕ್ಕೆ, ಬಂಪರಿನ ಕಪ್ಪು ಗಾಜಿಗೆ, ಹೊಟ್ಟೆಯಡಿ ಸೆನ್ಸರಿಗೆ, ಚಾರ್ಜಿಂಗ್ ತಗಡಿಗೆ ಬೇಡ. ಗೋಪುರದ ಸಂದಿಯಲ್ಲಿ ಒಣ ಕುಂಕುಮ ಇಳಿದರೆ ತಿರುಗೋದು ನಿಂತು ಲೈಡಾರ್ ಎರರ್ ಬರುತ್ತೆ. ಹೂವಿನ ಮಾಲೆ ಹಾಕಿದ್ದರೆ ಹೊರಡಿಸೋ ಮೊದಲು ತೆಗೀರಿ. ನಾರು ಸೈಡ್ ಬ್ರಷ್ ಬುಡಕ್ಕೆ ಸುತ್ತಿಕೊಂಡರೆ ಮೋಟರು ಬಿಸಿಯಾಗಿ ಗಿಯರ್ ಹಲ್ಲು ಸವೀತವೆ. ಚಕ್ರಕ್ಕೆ ನಿಂಬೆಹಣ್ಣು ಇಡೋದಾದರೆ ಹೊತ್ತಿಗೆ ಸರಿಯಾಗಿ ತಾನೇ ಹೊರಡೋ ಶೆಡ್ಯೂಲನ್ನ ಮುಂಚೆ ಆಫ್ ಮಾಡಿ. ಹಣ್ಣಿನ ಹುಳಿ ಚಾರ್ಜಿಂಗ್ ತಗಡಿಗೆ ತಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಆಮೇಲೆ ಡಾಕಿಗೆ ಕೂರಿಸಿ.